ಕಾರು ಜನವರಿಯಲ್ಲಿ ಬಂತು, ಆರ್‌ಸಿ ಆಗಸ್ಟಿನಲ್ಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹರಾಜಿನಲ್ಲಿ ಅರ್ಧ ಬೆಲೆಗೆ ಕಾರು ಸಿಗುತ್ತದೆ ಎಂಬ ಬರಹ ಓದಿದೆ. ಬರೆದವರು ಹರಾಜಿನಲ್ಲಿ ಒಂದು ಸ್ಕೂಟರನ್ನೂ ಕೊಂಡವರಲ್ಲ ಅಂತ ಎರಡನೇ ಪ್ಯಾರಾಕ್ಕೇ ಗೊತ್ತಾಯಿತು. ನಾನು ಕೊಂಡಿದ್ದೇನೆ, ಅದಕ್ಕೇ ಈ ಕಾಗದ. ಸ್ವಲ್ಪ ಉದ್ದವಾಗುತ್ತದೆ. ಕತ್ತರಿ ಹಾಕಲೇಬೇಕಾದರೆ ಹೋಳಿಗೆ ವಿಚಾರಕ್ಕೆ ಹಾಕಿ, ಕಾಗದಪತ್ರದ ವಿಚಾರಕ್ಕೆ ಬೇಡ.

ನಾನು ಬೆಂಗಳೂರಿನ ಶ್ರೀನಗರದವಳು. ಮನೆಯಲ್ಲೇ ಹೋಳಿಗೆ, ಕೋಡುಬಳೆ, ಚಟ್ನಿಪುಡಿ ಮಾಡಿ ಮಾರುವ ಕಸುಬು, ಹತ್ತೊಂಬತ್ತು ವರ್ಷವಾಯಿತು. ಮೊದಲೆಲ್ಲ ಗಿರಾಕಿಗಳೇ ಬಂದು ಒಯ್ಯುತ್ತಿದ್ದರು. ಈಗ ಜೆ.ಪಿ. ನಗರ, ವಿಜಯನಗರ, ಕೆಂಗೇರಿ ಅಂತ ನಾವೇ ಹೊತ್ತುಕೊಂಡು ಹೋಗಿ ಕೊಡಬೇಕು. 2023ರ ಯುಗಾದಿಯ ಹಿಂದಿನ ದಿನ ಆಟೊದಲ್ಲಿ ಆರುನೂರು ಹೋಳಿಗೆ ಇಟ್ಟುಕೊಂಡು ಹೊರಟವಳು ನಾಯಂಡಹಳ್ಳಿಯಲ್ಲಿ ಒಂದೂಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡೆ. ಒಂದರ ಮೇಲೊಂದು ಪೇರಿಸಿದ್ದ ಡಬ್ಬಿಗಳೊಳಗೆ ಹೋಳಿಗೆ ಬೆವರಿ, ಅಂಟಿ, ಮುದ್ದೆಯಾಗಿತ್ತು. ಕಾರಿದ್ದರೆ ಟ್ರಾಫಿಕ್ ದಾರಿ ಬಿಡುತ್ತದೆ ಅಂತಲ್ಲ. ಹಿಂದಿನ ಸೀಟು ಮಡಚಿ ಡಬ್ಬಿಗಳನ್ನು ಹರಡಿ ಇಡಬಹುದು, ಅಷ್ಟೇ. ಆ ‘ಅಷ್ಟೇ’ ಸಾಕಾಗಿತ್ತು.

2018ರ ವ್ಯಾಗನ್ಆರ್ ಬೇಕು ಅಂತ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಕೇಳಿದರೆ 3,65,000 ರೂಪಾಯಿಗೆ ಕೆಳಗೆ ಇಳಿಯುತ್ತಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಮೂರು ಲಕ್ಷ. ಆಗ ನನ್ನ ಮಗನ ಸ್ನೇಹಿತನೊಬ್ಬ, ‘ಆಂಟಿ, ಬ್ಯಾಂಕಿನ ಸೀಜಿಂಗ್ ಗಾಡಿ ಹರಾಜಿಗೆ ಬರುತ್ತೆ, ಎರಡೂವರೆಗೆ ಎತ್ತಬಹುದು’ ಅಂದ. ನಾವು ಕೆಟ್ಟದ್ದು ಆ ‘ಎತ್ತಬಹುದು’ ಅನ್ನೋ ಮಾತಿಗೆ.

ಹರಾಜು ಅಂದರೆ ಎಲ್ಲ ಒಂದೇ ಅಂದುಕೊಂಡಿದ್ದೆ. ಅಲ್ಲವಂತೆ. ಕಂತು ಕಟ್ಟಲಿಲ್ಲ ಅಂತ ಸಾಲ ಕೊಟ್ಟವರು ಎಳೆದುಕೊಂಡು ಬಂದ ಗಾಡಿ ಒಂದು ಜಾತಿ. ಅಪಘಾತವಾಗಿಯೋ ನೀರಿನಲ್ಲಿ ಮುಳುಗಿಯೋ ರಿಪೇರಿ ಖರ್ಚು ಪಾಲಿಸಿಯಲ್ಲಿ ಬರೆದ ಗಾಡಿ ಬೆಲೆಯ ಶೇ 75ನ್ನು ದಾಟಿದರೆ ವಿಮಾ ಕಂಪನಿ ಅದನ್ನು ‘ಟೋಟಲ್ ಲಾಸ್’ ಅಂತ ಬರೆದು, ಮಾಲೀಕನಿಗೆ ದುಡ್ಡು ಕೊಟ್ಟು, ಉಳಿದ ಅವಶೇಷವನ್ನು ಹರಾಜಿಗೆ ಬಿಡುತ್ತದೆ; ಅದು ಎರಡನೆಯದು. ಸರ್ಕಾರಿ ಇಲಾಖೆ, ಪೊಲೀಸ್ ಠಾಣೆಗಳ ಹರಾಜು ಮೂರನೆಯದು. ಫೋನಿನಲ್ಲಿ ನೋಡುವಾಗ ಮೂರೂ ಒಂದೇ ತರ ಚೌಕಟ್ಟಿನಲ್ಲಿ, ಒಂದೇ ತರ ಫೋಟೊದಲ್ಲಿ ಕಾಣುತ್ತವೆ. ಕಾಗದ ಮಾತ್ರ ಒಂದೊಂದಕ್ಕೂ ಬೇರೆ ಬೇರೆ.

ಮೂರನೆಯದಕ್ಕೆ ನನ್ನ ಮೈದುನ ಆಸೆಪಟ್ಟಿದ್ದ. ಕನಕಪುರದ ತೋಟಕ್ಕೆ ಒಂದು ಹಳೇ ಸರ್ಕಾರಿ ಜೀಪು ಬೇಕು ಅಂತ ಅವನ ಹಠ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನದ ನೋಂದಣಿಯನ್ನು ನವೀಕರಿಸುವ ಹಾಗೇ ಇಲ್ಲ, ಅದು ನೋಂದಾಯಿತ ಗುಜರಿ ಘಟಕಕ್ಕೇ ಹೋಗಬೇಕು. ಜೀಪಿನ ವಯಸ್ಸು ಹದಿನೇಳು. ತೋಟದಲ್ಲಿ ಕೋಳಿಗೂಡು ಮಾಡಿಕೊಳ್ಳೋಕಾದರೆ ತಗೋ ಅಂದೆ. ಎರಡು ತಿಂಗಳು ಮಾತು ಬಿಟ್ಟಿದ್ದ.

ಎರಡನೆಯ ಜಾತಿಯ ಕತೆ ನಮ್ಮ ರಸ್ತೆ ತುದಿಯ ಮೆಕ್ಯಾನಿಕ್ ಹುಡುಗ ಹೇಳಿದ. ಇಂಜಿನ್ನೇ ಒಡೆದುಹೋದ, ಮುಂಭಾಗ ನಜ್ಜುಗುಜ್ಜಾದ ಕಾರಿಗೂ ಕೆಲವರು ಮೇಲೆ ಬಿದ್ದು ಕೂಗುತ್ತಾರಂತೆ. ಅವರಿಗೆ ಬೇಕಿರುವುದು ಕಾರಲ್ಲ, ಅದರ ಆರ್‌ಸಿ, ಅಂದರೆ ನೋಂದಣಿ ಪತ್ರ. ಅದೇ ಮಾಡೆಲ್ಲಿನ, ಅದೇ ಬಣ್ಣದ ಕಳವಿನ ಗಾಡಿಗೆ ಈ ಗಾಡಿಯ ಚಾಸಿ ನಂಬರನ್ನು, ಅಂದರೆ ಚೌಕಟ್ಟಿನ ಮೇಲಿನ ಗುರುತಿನ ನಂಬರನ್ನು, ಕೊರೆದು ಕೂರಿಸಿದರೆ ಕಳ್ಳ ಮಾಲು ದೊರೆ ಮಗನಾಗುತ್ತದೆ. ಆಮೇಲೆ ಅದೂ ಯಾರದೋ ಸಂಸಾರಕ್ಕೆ ‘ಸಿಂಗಲ್ ಓನರ್, ಡಾಕ್ಟರ್ ಗಾಡಿ’ ಅಂತ ಮಾರಾಟವಾಗುತ್ತದೆ. ನಾವು ಆ ಕಡೆ ತಲೆ ಹಾಕಲಿಲ್ಲ.

ಸೀಜ್ ಮಾಡಿದ ಗಾಡಿಗಳನ್ನು ನಿಲ್ಲಿಸುವ ಯಾರ್ಡಿಗೆ ಹೋದದ್ದು 2024ರ ಜನವರಿಯ ಮೊದಲ ವಾರ, ಹೊಸಕೋಟೆ ದಾಟಿ. ತಂತಿಬೇಲಿ, ಮಣ್ಣು, ನೂರಾರು ಕಾರು. ಮುಂದಿನ ಗಾಜಿನ ಮೇಲೆ ಬಿಳಿ ಮಾರ್ಕರಿನಲ್ಲಿ ಲಾಟ್ ನಂಬರು. ನೆರಳಿರುವುದು ಕಾರುಗಳ ಅಡಿಯಲ್ಲಿ ಮಾತ್ರ, ಅದನ್ನೂ ನಾಯಿಗಳು ಮೊದಲೇ ಹಿಡಿದುಕೊಂಡಿದ್ದವು. ಓಡಿಸಿ ನೋಡಲು ಬಿಡುವುದಿಲ್ಲ. ಯಾರ್ಡಿನ ಹುಡುಗ ಒಂದು ಬ್ಯಾಟರಿಯನ್ನು ತಳ್ಳುಗಾಡಿಯಲ್ಲಿ ತಂದು, ಕೊಕ್ಕೆ ಹಾಕಿ, ಇಂಜಿನ್ ಶುರು ಮಾಡಿ, ಎರಡು ನಿಮಿಷ ಕೇಳಿಸಿ, ಆಫ್ ಮಾಡುತ್ತಾನೆ. ಗೇರು ಹೇಗಿದೆ, ಬ್ರೇಕು ಹೇಗಿದೆ ಅಂತ ದೇವರನ್ನೇ ಕೇಳಬೇಕು. ‘ಇದ್ದ ಹಾಗೆ, ಇದ್ದಲ್ಲಿ’ ಅನ್ನೋದು ಹರಾಜಿನ ಮೊದಲ ಷರತ್ತು. ಅಂದರೆ ಕೊಂಡ ಮೇಲೆ ಬಾನೆಟ್ಟಿನಲ್ಲಿ ಹಾವು ಸಿಕ್ಕರೆ ಹಾವೂ ನಿಮ್ಮದೇ.

ನಾವು ಮೂರು ಗಾಡಿ ಗುರುತು ಹಾಕಿಕೊಂಡು ಹೋಗಿದ್ದೆವು. ಮೊದಲನೆಯದು ಕೆಎ 53, ಬೆಳ್ಳಗೆ ಹೊಳೆಯುತ್ತಿತ್ತು, ಮೂರರಲ್ಲಿ ಅಗ್ಗದ್ದು. ಮಗ ಆಗಲೇ ಅದರ ಜೊತೆ ಫೋಟೊ ತೆಗೆಸಿಕೊಂಡಿದ್ದ. ಬಾಗಿಲು ತೆಗೆದ ಕೂಡಲೇ ಗಂಧದ ಸೆಂಟು ಗಮ್ ಅಂತ ಹೊಡೆಯಿತು. ನನಗೆ ಅನುಮಾನ ಬಂದದ್ದು ಅಲ್ಲೇ. ಹತ್ತೊಂಬತ್ತು ವರ್ಷ ಹಿಟ್ಟು, ರವೆ, ಬೇಳೆ ಜೊತೆ ಬದುಕಿದವಳು ನಾನು. ಮಳೆಗಾಲದಲ್ಲಿ ನೀರು ತಾಕಿದ ಮೈದಾ ಮೂಟೆಯನ್ನು ಅಂಗಡಿಯವನು ಎಷ್ಟೇ ಬಿಸಿಲಿಗೆ ಹರಡಿ ಕೊಟ್ಟರೂ ಮೂಗು ಹೇಳಿಬಿಡುತ್ತದೆ. ಸೆಂಟಿನ ಹಿಂದೆ ಅದೇ ವಾಸನೆ, ಒದ್ದೆ ಗೋಣಿಚೀಲದ್ದು. ಮೆಕ್ಯಾನಿಕ್ ಹುಡುಗನನ್ನು ದಿನಗೂಲಿ ಕೊಟ್ಟು ಕರೆದುಕೊಂಡು ಹೋಗಿದ್ದೆ. ಅವನಿಗೆ ಹೇಳಿದೆ. ಅವನು ನೆಲದ ಮ್ಯಾಟು ಎತ್ತಲಿಲ್ಲ, ಸೀಟೂ ಸರಿಸಲಿಲ್ಲ. ಚಾಲಕನ ಸೀಟ್ ಬೆಲ್ಟು ಹಿಡಿದು ಎಳೆದ. ನಾವು ಎಳೆಯುವ ಹಾಗಲ್ಲ. ಬಾವಿ ಹಗ್ಗ ಸೇದುವ ಹಾಗೆ, ಕೊನೆ ಬಂದು ತಟ್ಟುವ ತನಕ. ಹೊರಗಿನ ಬೆಲ್ಟು ಕಪ್ಪಗೆ ಹೊಸದರಂತೆ ಇತ್ತು. ಯಾವತ್ತೂ ಸುರುಳಿಯೊಳಗೇ ಇರುವ ಕೊನೆಯ ಒಂದು ಗೇಣಿನಲ್ಲಿ ಕೆಮ್ಮಣ್ಣಿನ ಗೆರೆ, ಅಳತೆಪಟ್ಟಿ ಇಟ್ಟು ಎಳೆದಂತೆ. ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರಿತು.

‘ಸೀಟು ತೊಳೀತಾರೆ, ಮ್ಯಾಟು ಬದಲಾಯಿಸ್ತಾರೆ ಅಮ್ಮ, ಬೆಲ್ಟನ್ನ ಪೂರಾ ಯಾರೂ ಎಳೆಯಲ್ಲ’ ಅಂದ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ನೀರು ನುಗ್ಗಿ, ಐಟಿಯವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದನ್ನು ನಿಮ್ಮ ಪತ್ರಿಕೆಯೇ ಫೋಟೊ ಸಮೇತ ಹಾಕಿತ್ತು. ನೆಲಮಾಳಿಗೆಗಳಲ್ಲಿ ಮುಳುಗಿದ ಆ ಕಾರುಗಳು ಎಲ್ಲಿಗೆ ಹೋದವು ಅಂತ ಯಾರೂ ಬರೆಯಲಿಲ್ಲ. ನಾವು ನೋಡಿದ ಗಾಡಿ ಅದೇ ನೀರಿನದೋ ಬೇರೆ ನೀರಿನದೋ ಹೇಳಲಾರೆ. ಮುಳುಗಿದ್ದಂತೂ ನಿಜ. ಮುಳುಗಿದ ಕಾರಿನ ಇಂಜಿನ್ ಬಿಚ್ಚಿ ತೊಳೆದರೆ ಓಡುತ್ತದೆ. ವೈರಿಂಗು, ಏರ್‌ಬ್ಯಾಗಿನ ಪೆಟ್ಟಿಗೆ ಮಾತ್ರ ಒಳಗೊಳಗೇ ಹಸಿರು ಕಿಲುಬು ಕಟ್ಟಿಕೊಂಡು, ಯಾವತ್ತೋ ಒಂದು ದಿನ ನೈಸ್ ರಸ್ತೆ ಮಧ್ಯದಲ್ಲಿ ಕೈ ಕೊಡುತ್ತವೆ.

ಎರಡನೆಯ ಗಾಡಿ ನೋಡಲು ಚೆನ್ನಾಗಿತ್ತು. ಯಾರ್ಡಿನಲ್ಲೇ ನಿಂತು ವಾಹನ ದಾಖಲೆಗಳ ಸರ್ಕಾರಿ ಪರಿವಾಹನ್ ತಾಣದಲ್ಲಿ ನಂಬರು ಹೊಡೆದು ನೋಡಿದಾಗ ಸಾಲ ಕೊಟ್ಟವರ ಜಾಗದಲ್ಲಿ ಹರಾಜು ಹಾಕುತ್ತಿದ್ದ ಬ್ಯಾಂಕಿನ ಹೆಸರೇ ಇರಲಿಲ್ಲ, ಬೇರೆ ಯಾವುದೋ ಫೈನಾನ್ಸಿನದಿತ್ತು. ಅಲ್ಲಿದ್ದವರನ್ನು ಕೇಳಿದರೆ ‘ಅದೆಲ್ಲ ಅಪ್‌ಡೇಟ್ ಆಗುತ್ತೆ ಮೇಡಂ’ ಅಂದರು. ಆಗಲಿ, ಆದ ಮೇಲೆ ಬರುತ್ತೇನೆ ಅಂತ ಮುಂದೆ ಹೋದೆ.

ಮೂರನೆಯದು ಬೂದು ಬಣ್ಣದ್ದು, ಕೆಎ 03, 46,000 ಕಿ.ಮೀ. ಅನ್ನದ ಪಾತ್ರೆಯಲ್ಲಿ ಒಂದು ಅಗುಳು ಹಿಚುಕಿದರೆ ಸಾಕು, ಕಾರಿನಲ್ಲಿ ಒಂದೊಂದು ಅಗುಳನ್ನೂ ಹಿಚುಕಬೇಕು. ಹುಡುಗ ಟೈರಿನ ಪಕ್ಕೆ ಒರೆಸಿ ನಾಲ್ಕು ಅಂಕಿ ತೋರಿಸಿದ: 0518. ಅಂದರೆ 2018ರ ಐದನೇ ವಾರ ತಯಾರಾದ ಟೈರು. ನಾಲ್ಕಕ್ಕೂ ಅದೇ, ಸ್ಟೆಪ್ನಿಗೂ ಅದೇ. ಕಂಪನಿಯಿಂದ ಬಂದ ಟೈರಿನಲ್ಲೇ ಇನ್ನೂ ಓಡುತ್ತಿದೆ ಅಂದರೆ ಮೀಟರಿನ 46,000 ಸುಳ್ಳಿರಲಾರದು, ಆದರೆ ಆರು ವರ್ಷದ ಟೈರು, ನಾಲ್ಕನ್ನೂ ಬದಲಾಯಿಸಬೇಕು. ಬಾಗಿಲಿನ ಅಂಚಿಗೆ ಹಚ್ಚಿದ್ದ ಆಯಿಲ್ ಚೀಟಿಯಲ್ಲಿ 41,000 ಅಂತ ಇತ್ತು, ಅದೂ ತಾಳೆಯಾಯಿತು. ಚಾಸಿ ನಂಬರಿನ ಮೇಲಿನ ಧೂಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಟಾರ್ಚು ಹಿಡಿದು ಓದಿದ. ಒಟ್ಟು 17 ಅಕ್ಷರ, ಅಂಕಿ. ಮಾರುತಿಯಾದ್ದರಿಂದ ಎಂಎ3 ಅಂತ ಶುರು. ಪರಿವಾಹನ್ ತಾಣ ಪೂರ್ತಿ ನಂಬರು ತೋರಿಸುವುದಿಲ್ಲ. ಅದಕ್ಕೆ ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿದೆ. ಈ ಕಾಗದದ ಹೆಸರು ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲ. ಗಾಡಿಯ ಜಾತಕ ಅದು: ಯಾರು ಯಾರ ಹೆಸರಿನಲ್ಲಿತ್ತು, ಯಾವ ಬ್ಯಾಂಕಿನ ಸಾಲ, ಚಾಸಿ, ಇಂಜಿನ್ ನಂಬರು, ಎಲ್ಲ ಒಂದೇ ಹಾಳೆಯಲ್ಲಿ. ನಮ್ಮದಕ್ಕೆ ಇಬ್ಬರು ಮಾಲೀಕರು. ಎರಡನೆಯವರು 2021ರಲ್ಲಿ ಸಾಲ ಮಾಡಿ ಕೊಂಡಿದ್ದರು. ಸಾಲ ಕೊಟ್ಟ ಬ್ಯಾಂಕೂ ಹರಾಜು ಹಾಕುವ ಬ್ಯಾಂಕೂ ಒಂದೇ.

ಟ್ರಾಫಿಕ್ ಪೊಲೀಸರ ತಾಣದಲ್ಲಿ ನೋಡಿದರೆ 13 ಕೇಸು, ಎಲ್ಲ ಸಿಗ್ನಲ್ ಜಂಪ್, ತಲಾ 500. 2023ರ ಫೆಬ್ರವರಿಯಲ್ಲಿ ಅರ್ಧ ದಂಡ ಕಟ್ಟಿದರೆ ಸಾಕು ಅಂದಾಗ ಇಡೀ ಬೆಂಗಳೂರೇ ಸಾಲು ನಿಂತಿತ್ತು, ಈ ಪುಣ್ಯಾತ್ಮ ಹೋಗಿರಲಿಲ್ಲ. ಅದನ್ನೂ ನಮ್ಮ ಲೆಕ್ಕಕ್ಕೆ ಬರೆದುಕೊಂಡೆ.

ಕೂಗು ನಡೆದದ್ದು ಫೋನಿನಲ್ಲಿ, ಮಧ್ಯಾಹ್ನ ಮೂರಕ್ಕೆ. ಠೇವಣಿ ಮೊದಲೇ ಕಟ್ಟಿದ್ದೆವು. ನಮ್ಮೂರ ಜಾತ್ರೆಯಲ್ಲಿ ದೇವರ ನಿಂಬೆಹಣ್ಣು ಹರಾಜಾಗುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಹಣ್ಣಿನ ಬೆಲೆ ಎರಡು ರೂಪಾಯಿ, ಎದುರಿನವನ ಮೇಲಿನ ಹಠದ ಬೆಲೆ ಎರಡು ಸಾವಿರ. ಅದಕ್ಕೆ ಅಡುಗೆಮನೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ 2,65,000 ಅಂತ ಬರೆದು, ಅದರ ಕೆಳಗೇ ಕೂತಿದ್ದೆ. ಮುಗಿಯುವ ಹೊತ್ತಿಗೆ ಯಾರಾದರೂ ಕೂಗಿದರೆ ಗಡಿಯಾರ ಮತ್ತೆ ಮೂರು ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗೆ ಐದು ಸಲ ಹೋಯಿತು. 2,64,000ಕ್ಕೆ ನಮ್ಮದು ನಿಂತಿತು. ಇನ್ನೊಬ್ಬ ಎರಡು ಸಾವಿರ ಏರಿಸಿದ್ದರೆ ಬಿಡುತ್ತಿದ್ದೆ. ಮಗ ಬಿಡುತ್ತಿರಲಿಲ್ಲ, ಅದಕ್ಕೇ ಫೋನು ನನ್ನ ಕೈಯಲ್ಲಿತ್ತು.

ಗೆದ್ದೆವು ಅಂತ ಪಾಯಸ ಮಾಡಬೇಡಿ. ‘ಒಪ್ಪಿಗೆಗೆ ಒಳಪಟ್ಟು’ ಅಂತ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ನಮ್ಮ ಬೆಲೆಗೆ ಬ್ಯಾಂಕು ಹ್ಞೂಂ ಅನ್ನಬೇಕು, ಅದಕ್ಕೆ ಆರು ದಿನ. ಹ್ಞೂಂ ಅಂದ ಮೇಲೆ ಐದು ದಿನದೊಳಗೆ ಪೂರ್ತಿ ಹಣ ಕಟ್ಟಬೇಕು, ತಪ್ಪಿದರೆ ಠೇವಣಿ ಮುಳುಗಿತು. ಹಣ ಕಟ್ಟಿದ ಮೇಲೆ ಗಾಡಿ ಎತ್ತದಿದ್ದರೆ ಯಾರ್ಡಿನ ದಿನಬಾಡಿಗೆ ಶುರು. ಅವರು ತೆಗೆದುಕೊಳ್ಳುವ ದಿನಗಳಿಗೆ ಲೆಕ್ಕವಿಲ್ಲ, ನಾವು ತೆಗೆದುಕೊಳ್ಳುವ ದಿನಕ್ಕೆಲ್ಲ ಬಾಡಿಗೆ.

ಜನವರಿ ಕೊನೆಯ ವಾರ ಕಾರು ಬಂತು, ಟೋಯಿಂಗ್ ಗಾಡಿಯ ಮೇಲೆ. ಹಳೇ ವಿಮೆ ಮುಗಿದಿತ್ತು, ವಿಮೆ ಇಲ್ಲದೆ ರಸ್ತೆಗಿಳಿಸಿದರೆ ಮೊದಲ ಸಲಕ್ಕೇ 2,000 ದಂಡ. ಅದೂ ಅಲ್ಲದೆ ಬೀಗದಕೈ ಇರಲಿಲ್ಲ. ಯಾರ್ಡಿನ ಹುಡುಗನ ಹತ್ತಿರ ಇದ್ದದ್ದು ಎಲ್ಲಿ ಹೋಯಿತು ಅಂತ ಅವನಿಗೂ ಗೊತ್ತಿಲ್ಲ.

ಒಳಗೆ ಗುಡಿಸುವಾಗ ಗ್ಲೋವ್ ಬಾಕ್ಸಿನಲ್ಲಿ ಒಂದು ಚಿಕ್ಕ ಪಾಕೆಟ್ ಪುಸ್ತಕ ಸಿಕ್ಕಿತು. ತಿಂಗಳುಗಳ ಹೆಸರು ಕೆಳಗಿನವರೆಗೆ ಬರೆದು, ಕಂತು ಕಟ್ಟಿದ ತಿಂಗಳ ಎದುರು ಕೆಂಪು ಶಾಯಿಯಲ್ಲಿ ಟಿಕ್ ಹಾಕಿದ್ದರು. ಎಣಿಸಿದೆ, ಮೂವತ್ತು. ಮೂವತ್ತೊಂದನೆಯದರ ಎದುರು ‘ಅರ್ಧ ಕಟ್ಟಿದೆ’ ಅಂತ ಇತ್ತು. ಆಮೇಲೆ ಬರೀ ತಿಂಗಳ ಹೆಸರುಗಳು. ಕೊನೆಯ ಪುಟದಲ್ಲಿ ಯಾವುದೋ ಮಗುವಿನ ಕೈಬರಹದಲ್ಲಿ ಕಾಗುಣಿತ. ಅದನ್ನು ಎಲ್ಲಿಡಬೇಕೋ ತಿಳಿಯದೆ ದೇವರಮನೆಯ ಕಪಾಟಿನಲ್ಲಿ ಇಟ್ಟೆ.

ಈಗ ನಿಜವಾದ ವಿಷಯ. ಬ್ಯಾಂಕಿನವರು ಕೈಗೆ ಕೊಟ್ಟದ್ದು ಮಾರಾಟದ ಪತ್ರ ಮತ್ತು ಡೆಲಿವರಿ ಆರ್ಡರು. ಆರ್‌ಸಿ ಎಲ್ಲಿ ಅಂದರೆ ‘ಪ್ರೋಸೆಸ್‌ನಲ್ಲಿದೆ’. ಫೆಬ್ರವರಿಯಲ್ಲೂ ಪ್ರೋಸೆಸ್, ಮಾರ್ಚಿನಲ್ಲೂ ಪ್ರೋಸೆಸ್. ನಾನು ನಂಬಿ ಕೂತೆ. ಏಪ್ರಿಲ್ 9ಕ್ಕೆ ಯುಗಾದಿ ಬಂತು. ಹೋಳಿಗೆ ಆಟೊದಲ್ಲೇ ಹೋಯಿತು, ಕಾರು ಮನೆ ಮುಂದೆ ನೀಲಿ ಟಾರ್ಪಾಲು ಹೊದ್ದುಕೊಂಡು ಮಲಗಿತ್ತು. ಎದುರುಮನೆಯವರಿಗೂ ನಮಗೂ ಪಾರ್ಕಿಂಗ್ ಜಗಳ ಬೇರೆ.

ಏಜೆಂಟೊಬ್ಬ, ‘ಹರಾಜಿನಲ್ಲಿ ಕೊಂಡಿದ್ದಲ್ವಾ, 32ನೇ ನಮೂನೆ ಹಾಕಿದ್ರೆ ಆಯ್ತು’ ಅಂತ ಎರಡು ಸಾವಿರ ಇಸಿದುಕೊಂಡ. ಅರ್ಜಿ ವಾಪಸ್ ಬಂತು. ಓದುಗರು ಇದನ್ನು ಗುರುತು ಮಾಡಿಕೊಳ್ಳಲಿ: 32ನೇ ನಮೂನೆ ಇರುವುದು ಕೇಂದ್ರ ಅಥವಾ ರಾಜ್ಯ ಸರ್ಕಾರ ನಡೆಸುವ, ಅದರ ಪರವಾಗಿ ನಡೆಯುವ ಹರಾಜಿಗೆ. ಠಾಣೆ ಮುಂದೆ ಬಳ್ಳಿ ಹಬ್ಬಿ ನಿಂತಿರುವ ಗಾಡಿಗಳನ್ನು ಪೊಲೀಸರು ಹರಾಜು ಹಾಕಿದಾಗ ಅದು ಬೇಕು, ಗಾಡಿ ಕೈಗೆ ಬಂದ ಮೂವತ್ತು ದಿನದೊಳಗೆ. ಸಾಲ ಕೊಟ್ಟವರು ಸೀಜ್ ಮಾಡಿದ ಗಾಡಿಗೆ ದಾರಿ ಬೇರೆ. ಮೋಟಾರು ವಾಹನ ಕಾಯ್ದೆಯ 51ನೇ ಕಲಮಿನಲ್ಲಿ ಅದು ಇದೆ. ಸಾಲಗಾರ ಆರ್‌ಸಿ ಕೊಡದಿದ್ದರೆ, ಅಥವಾ ಆಸಾಮಿಯೇ ಸಿಗದಿದ್ದರೆ, ಸಾಲ ಕೊಟ್ಟವರು 36ನೇ ನಮೂನೆಯಲ್ಲಿ ಆರ್‌ಟಿಒಗೆ ಅರ್ಜಿ ಹಾಕಬೇಕು. ಆರ್‌ಟಿಒದವರು ಹಳೇ ಮಾಲೀಕನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕಳಿಸಿ, ಹೇಳಿಕೊಳ್ಳುವುದಿದ್ದರೆ ಹೇಳು ಅಂತ ಅವಕಾಶ ಕೊಟ್ಟು, ಆಮೇಲೆ ಹಳೇ ಆರ್‌ಸಿ ರದ್ದು ಮಾಡಿ ಸಾಲ ಕೊಟ್ಟವರ ಹೆಸರಿಗೇ ಹೊಸ ಆರ್‌ಸಿ ಕೊಡುತ್ತಾರೆ. ಅಲ್ಲಿಂದ 29, 30ನೇ ನಮೂನೆಗೆ ಅವರ ಸಹಿ ಬಿದ್ದು ನಮ್ಮ ಹೆಸರಿಗೆ. ಸಾಲಗಾರನೇ ಆರ್‌ಸಿ ಒಪ್ಪಿಸಿ ಸಹಿ ಹಾಕಿಕೊಟ್ಟಿದ್ದರೆ ಇಷ್ಟು ಸುತ್ತು ಬೇಕಾಗುವುದಿಲ್ಲ; ಬ್ಯಾಂಕು 35ನೇ ನಮೂನೆ ಕೊಟ್ಟರೆ ಸಾಲದ ನಮೂದು ಅಳಿಸಿಹೋಗುತ್ತದೆ.

ನಮ್ಮ ಗಾಡಿಯ ವಿಷಯದಲ್ಲಿ ಏನಾಗಿತ್ತು ಗೊತ್ತೇ? ಮೇ ತಿಂಗಳಲ್ಲಿ ನಾನೇ ಬ್ಯಾಂಕಿನ ಶಾಖೆಯಲ್ಲಿ ಬೆಳಿಗ್ಗೆ ಹತ್ತರಿಂದ ಕೂತು, ಊಟದ ಡಬ್ಬಿ ಅಲ್ಲೇ ಬಿಚ್ಚಿ ಉಂಡು, ಸಂಜೆ ನಾಲ್ಕಕ್ಕೆ ಒಬ್ಬ ಹುಡುಗಿ ಕಂಪ್ಯೂಟರ್ ನೋಡಿ ಹೇಳಿದ ಮೇಲೆ ತಿಳಿಯಿತು: 36ನೇ ನಮೂನೆಯ ಅರ್ಜಿಯನ್ನೇ ಇನ್ನೂ ಹಾಕಿರಲಿಲ್ಲ. ಜನವರಿಯಲ್ಲಿ ನನ್ನ ಹಣ ಎಣಿಸಿಕೊಂಡವರು ಮೇ ತನಕ ಮೊದಲ ಕಾಗದಕ್ಕೆ ಸಹಿಯನ್ನೂ ಹಾಕಿರಲಿಲ್ಲ. ಪ್ರೋಸೆಸ್ ಅಂದದ್ದು ಯಾವುದಕ್ಕೆ?

ಪರಿಚಯದ ವಕೀಲರನ್ನು ಕೇಳಿದೆ. ಗ್ರಾಹಕರ ಆಯೋಗಕ್ಕೆ ಹೋಗಬಹುದು, ಆದರೆ ಹರಾಜಿನಲ್ಲಿ ಕೊಂಡವರು ಗ್ರಾಹಕರೇ ಅಲ್ಲ ಅನ್ನೋ ವಾದವನ್ನು ಬ್ಯಾಂಕಿನವರು ತೆಗೆದೇ ತೆಗೆಯುತ್ತಾರೆ. ಚಂಡೀಗಢದ ನಿವೇಶನಗಳ ಹರಾಜಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ಆ ಮಾತು ಹೇಳಿದೆ, ನಿಮ್ಮದು ಬೇರೆ ಅಂತ ವಾದಿಸಬೇಕಾಗುತ್ತದೆ ಅಂದರು. ವಾದಿಸೋಕೆ ನನಗೆ ಪುರುಸೊತ್ತಿಲ್ಲ. ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಕನ್ನಡದಲ್ಲಿ, ಒಂದೊಂದು ತಾರೀಕೂ ಹಾಕಿ, ಎರಡು ಪುಟ ಬರೆದು ರಿಜಿಸ್ಟರ್ಡ್ ಅಂಚೆಗೆ ಹಾಕಿದೆ. ಹನ್ನೊಂದನೇ ದಿನ ಫೋನು ಬಂತು. ಅರ್ಜಿ ಹೋಯಿತು. ಹಳೇ ಮಾಲೀಕರಿಗೆ ಹೋದ ನೋಟಿಸು ‘ಬಾಗಿಲು ಹಾಕಿದೆ’ ಅಂತ ಷರಾ ಹೊತ್ತು ವಾಪಸ್ ಬಂತು. ಬ್ಯಾಂಕಿನ ಹೆಸರಿಗೆ ಆರ್‌ಸಿ ಆಗಿ, ನನ್ನ ಹೆಸರಿಗೆ ಬಂದದ್ದು ಆಗಸ್ಟಿನಲ್ಲಿ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ.

ಈ ಏಳು ತಿಂಗಳು ಆ ಗಾಡಿ ಯಾರದ್ದಾಗಿತ್ತು ಅಂತ ನಾನು ಆಮೇಲೆ ಯೋಚಿಸಿದೆ. ಹಣ ನನ್ನದು, ಟಾರ್ಪಾಲು ನನ್ನದು, ಆರ್‌ಸಿಯಲ್ಲಿ ಹೆಸರು ಮಾತ್ರ ಆ ಪಾಕೆಟ್ ಪುಸ್ತಕದವರದು. ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋದ ಒಂದು ಕಾರು ಅಪಘಾತ ಮಾಡಿದಾಗ, ಪರಿಹಾರದ ಹೊಣೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರದೇ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ನನ್ನ ಮಗ ದುಡುಕಿ ಆ ಗಾಡಿ ಓಡಿಸಿ ಯಾರಿಗಾದರೂ ಗುದ್ದಿದ್ದರೆ? ಕಂತು ಕಟ್ಟಲಾಗದೆ ಕಾರನ್ನೂ ಕಳೆದುಕೊಂಡು, ಮನೆಯನ್ನೂ ಖಾಲಿ ಮಾಡಿ ಹೋದವರ ಹುಡುಕಾಟ ಶುರುವಾಗುತ್ತಿತ್ತು. ಹೆಸರು ಬದಲಾಗದ ಗಾಡಿಯ ಸ್ವಂತ ಹಾನಿಗೆ ವಿಮಾ ಕಂಪನಿಯೂ ಕೈಯೆತ್ತುತ್ತದೆ. ಅದಕ್ಕೇ ಟಾರ್ಪಾಲು ತೆಗೆಯಲು ಬಿಡಲಿಲ್ಲ.

ಇನ್ನು ಲೆಕ್ಕ. ಕೂಗಿದ್ದು 2,64,000. ಹರಾಜಿನವರ ಶುಲ್ಕ 8,000, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 9,440. ಯಾರ್ಡಿನ ಬಾಡಿಗೆ 2,500, ಟೋಯಿಂಗ್ 3,200, ಹೊಸ ಬೀಗದಕೈ 4,500, ಬ್ಯಾಟರಿ 4,300, ಟೈರು 16,400, ಟ್ರಾಫಿಕ್ ದಂಡ 6,500, ವಿಮೆ 9,800. ಆರ್‌ಟಿಒ ಖರ್ಚು, ಆ ಏಜೆಂಟ್ ನುಂಗಿದ್ದೂ ಸೇರಿ 5,000. ಯಾರ್ಡಿನಲ್ಲಿ ಓಡಿಸಿ ನೋಡಲು ಬಿಟ್ಟಿದ್ದರೆ ಅಲ್ಲೇ ಗೊತ್ತಾಗುತ್ತಿದ್ದ ಕ್ಲಚ್ಚಿಗೆ, ಸರ್ವೀಸಿಗೆ 14,000. ಒಟ್ಟು 3,39,640. ಅಂಗಡಿಯವನು ಆರ್‌ಸಿ ಸಮೇತ ಕೊಡುತ್ತೇನೆ ಅಂದದ್ದು 3,65,000ಕ್ಕೆ. ಉಳಿದದ್ದು 25,360. ಏಳು ತಿಂಗಳ ಆಟೊ ಬಾಡಿಗೆಯನ್ನು ಇದರಲ್ಲಿ ಕಳೆದಿಲ್ಲ, ಕಳೆದರೆ ನನ್ನ ಮಗನಿಗೆ ಬೇಜಾರಾಗುತ್ತದೆ. ಅರ್ಧ ಬೆಲೆಯ ಲೆಕ್ಕ ನಿಮ್ಮ ಬರಹಗಾರರು ಯಾವ ಪುಸ್ತಕದಲ್ಲಿ ಮಾಡಿದರೋ ತಿಳಿಯದು.

ಕಾರಿನ ಮೇಲೆ ನನಗೆ ದೂರಿಲ್ಲ. ಈಗ ಚೆನ್ನಾಗಿ ಓಡುತ್ತಿದೆ, ಗೌರಿ ಹಬ್ಬಕ್ಕೆ ಎಂಟುನೂರು ಹೋಳಿಗೆ ಅದರಲ್ಲೇ ಹೋಯಿತು, ಒಂದೂ ಅಂಟಲಿಲ್ಲ. ಹರಾಜಿಗೆ ಹೋಗಬೇಡಿ ಅಂತಲೂ ನಾನು ಹೇಳುತ್ತಿಲ್ಲ. ಬೆಲ್ಟು ಎಳೆಯಿರಿ, ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ, ಗೋಡೆ ಮೇಲೆ ಬೆಲೆ ಬರೆದುಕೊಳ್ಳಿ. ಇಷ್ಟು ನಮ್ಮ ಕೈಯಲ್ಲಿದೆ. 36ನೇ ನಮೂನೆ ಮಾತ್ರ ನಮ್ಮ ಕೈಯಲ್ಲಿಲ್ಲ, ಅದು ಮಾರುವವರ ಕೈಯಲ್ಲಿದೆ. ನಾನು ಕೇಳುವುದು ಒಂದೇ: ಆರ್‌ಸಿ ಬ್ಯಾಂಕಿನ ಹೆಸರಿಗೆ ಬಂದ ಮೇಲೆಯೇ, ಇಲ್ಲವೇ ಸಾಲಗಾರರ ಸಹಿಯ ಕಾಗದಗಳೆಲ್ಲ ಕೈಯಲ್ಲಿ ಇರುವಾಗಲೇ ಗಾಡಿಯನ್ನು ಹರಾಜಿಗೆ ಇಡಬೇಕು ಅಂತ ಸಾರಿಗೆ ಇಲಾಖೆ, ರಿಸರ್ವ್ ಬ್ಯಾಂಕು ಸೇರಿ ಒಂದು ನಿಯಮ ಮಾಡಲಿ. ಅದು ತಡವಾಗುತ್ತದೆ ಅಂದರೆ, ಫೋಟೊ ಪಕ್ಕದಲ್ಲಿ ಮಾಡೆಲ್ಲು, ಬಣ್ಣ, ಕಿಲೋಮೀಟರ್ ಬರೆದ ಹಾಗೇ ‘ಆರ್‌ಸಿ ಯಾರ ಹೆಸರಿನಲ್ಲಿದೆ, ಯಾರ ಕೈಯಲ್ಲಿದೆ, 36ನೇ ನಮೂನೆ ಹಾಕಿದ ತಾರೀಕು ಯಾವುದು’ ಅಂತ ಒಂದು ಸಾಲಾದರೂ ಬರೆಯಲಿ. ಆ ಸಾಲು ಇದ್ದಿದ್ದರೆ ನಾನು 2,64,000 ಕೂಗುತ್ತಿರಲಿಲ್ಲ. 2,20,000ಕ್ಕೆ ನಿಲ್ಲಿಸುತ್ತಿದ್ದೆ, ಇಲ್ಲವೇ ಪಕ್ಕದ ಲಾಟಿಗೆ ಹೋಗುತ್ತಿದ್ದೆ. ಆ ಸಾಲನ್ನು ಯಾಕೆ ಬರೆಯುವುದಿಲ್ಲ ಅನ್ನೋದೂ ಅದರಲ್ಲೇ ಗೊತ್ತಾಗುತ್ತದೆ.

ಫೈಲು ನನ್ನ ಹತ್ತಿರವೇ ಇದೆ. ಬಿ ಎಕ್ಸ್‌ಟ್ರಾಕ್ಟಿನಿಂದ ಹಿಡಿದು ‘ಬಾಗಿಲು ಹಾಕಿದೆ’ ಷರಾದ ನಕಲಿನವರೆಗೆ. ನಿಮ್ಮ ವರದಿಗಾರರಿಗೆ ನೋಡಬೇಕೆನಿಸಿದರೆ ಮಧ್ಯಾಹ್ನ ಎರಡರ ಮೇಲೆ ಬರಲಿ, ಬೆಳಿಗ್ಗೆ ಒಲೆ ಖಾಲಿ ಇರುವುದಿಲ್ಲ. ಆ ಭಾನುವಾರದ ಬರಹ ಬರೆದವರನ್ನೂ ಕರೆದುಕೊಂಡು ಬರಲಿ.

ಇತಿ,
ಹೋಳಿಗೆ ಮಾರುವ ಒಬ್ಬ ಓದುಗಳು
ಶ್ರೀನಗರ, ಬೆಂಗಳೂರು
(ಹೆಸರು ಹಾಕಬೇಡಿ, ಎದುರುಮನೆಯವರೂ ನಿಮ್ಮ ಪತ್ರಿಕೆಯನ್ನೇ ತರಿಸುತ್ತಾರೆ.)